ದೂರಿನಲ್ಲೊಂದು ಅಲ್ಪವಿರಾಮ

ಬುಧವಾರ ಮಧ್ಯಾಹ್ನ ಹನ್ನೆರಡು ಮೂವತ್ತೈದಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಶಿಕ್ಷಕಿಯ ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿಗಳಿದ್ದವು. ಇನ್ಸ್‌ಪೆಕ್ಟರ್ ಮೊದಲು ಗಮನಿಸಿದ್ದು ಅದನ್ನೇ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಸುಳ್ಳು ದೂರು ತಂದವರನ್ನು ಅವರು ಬೇಕಾದಷ್ಟು ಕಂಡಿದ್ದರು. ಅವರೆಲ್ಲ ಜೋಡಿ ಚಪ್ಪಲಿ ಹಾಕಿಕೊಂಡೇ ಬಂದಿದ್ದರು. ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಪೆನ್ನು ತೆಗೆದರು.

ವಿಷಯ ಇಷ್ಟು. ಶಿಕ್ಷಕಿಯ ತಾಯಿಗೆ ಎಪ್ಪತ್ತೊಂದು ವರ್ಷ, ಮರೆವಿನ ಕಾಯಿಲೆ. ಹನ್ನೊಂದು ಗಂಟೆಗೆ ಹೊರಗಿನಿಂದ ಬೀಗ ಹಾಕಿ ಮಗಳು ಔಷಧಿ ಅಂಗಡಿಗೆ ನಡೆದು ಹೋಗಿದ್ದಳು. ಹನ್ನೊಂದು ನಲವತ್ತಕ್ಕೆ ಬಂದು ನೋಡಿದರೆ ಹಿತ್ತಲ ಬಾಗಿಲು ತೆರೆದಿತ್ತು, ತಾಯಿ ಇರಲಿಲ್ಲ, ಮನೆ ಮುಂದೆ ನಿಲ್ಲಿಸಿದ್ದ ಕಾರೂ ಇರಲಿಲ್ಲ. ಬೀಗದ ಮಾತು ಬಂದಾಗ ಆಕೆಯ ದನಿ ಇಳಿಯಿತು. ಹಾಕದಿದ್ದರೆ ರಸ್ತೆಗೆ ಹೋಗಿಬಿಡುತ್ತಾರೆ ಎಂದು ಯಾರೂ ಕೇಳದೆಯೇ ಎರಡು ಸಲ ಹೇಳಿದಳು. ತಾಯಿಗೆ ಈಗ ಬೆಂಕಿಯೂ ಗೊತ್ತಾಗುವುದಿಲ್ಲ, ನೀರಿನ ಆಳವೂ ಗೊತ್ತಾಗುವುದಿಲ್ಲ. ಸಂಜೆಯಾದರೆ ತಾನಿರುವುದು ಎಲ್ಲಿ ಎಂದೇ ತಿಳಿಯದೆ ಹೆದರುತ್ತಾರೆ.

ಹನ್ನೆರಡು ಹತ್ತಕ್ಕೆ ಗುರುತಿಲ್ಲದ ನಂಬರಿನಿಂದ ಫೋನ್ ಬಂದಿತ್ತು. ತಾಯಿಯ ದನಿ. ಅದೂ ಇದೂ ಮಾತಾಡಿ ಕೊನೆಗೊಂದು ಮಾತು ಅಂದರು. ಆಮೇಲೆ ಇನ್ನೊಬ್ಬ ಹೆಂಗಸಿನ ಗಡಸು ದನಿ "ಮೂರು ನಿಮಿಷ ಆಯ್ತು" ಎಂದಿತು. ಲೈನ್ ಕಟ್ಟಾಯಿತು. ತಿರುಗಿ ಮಾಡಿದರೆ ಎತ್ತುವವರಿಲ್ಲ.

"ಕೊನೆಗೆ ಏನಂದ್ರು? ಅದೇ ಮಾತು ಹೇಳಿ."

"ಏಳು ಹೊಡೀತಾಳೆ ನಾನು ನೋಡ್ತೀನಿ ಅಂದ್ರು ಸರ್."

"ಏಳು ಅಂದ್ರೆ?"

"ಎದ್ದೇಳು ಅಂತ ಸರ್. ದಿನಾ ಬೆಳಿಗ್ಗೆ ಕಿಟಕಿ ಹತ್ರ ಕೂತು ಏಳು, ಏಳು ಅಂತಾನೇ ಇರ್ತಾರೆ. ಎದ್ದಿದೀನಮ್ಮ ಅಂದ್ರೂ ನಿಲ್ಲಿಸಲ್ಲ. ಯಾರೋ ಹೊಡೆದು ಎಬ್ಬಿಸ್ತಿದ್ದಾರೆ ಸರ್ ಅವರನ್ನ."

ಬರವಣಿಗೆಯ ವಿಷಯದಲ್ಲಿ ಇನ್ಸ್‌ಪೆಕ್ಟರ್ ಮಹಾ ಜಿಗುಟು. ಅಲ್ಪವಿರಾಮ ಬಿಟ್ಟ ವರದಿಯನ್ನು ಬರೆದವರ ಮುಖಕ್ಕೇ ಹಿಂದಿರುಗಿಸುವ ಗಿರಾಕಿ. ಬೆನ್ನ ಹಿಂದೆ ಸಿಬ್ಬಂದಿಯೆಲ್ಲ ಅವರನ್ನು 'ಪೂರ್ಣವಿರಾಮ' ಎಂದೇ ಕರೆಯುತ್ತಿದ್ದರು. ಅವರಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಈ ದೂರನ್ನೂ ತಾವೇ ದುಂಡಗೆ ಬರೆದರು: 'ಏಳು, ಹೊಡೀತಾಳೆ, ನಾನು ನೋಡ್ತೀನಿ.' ಒಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಅಪಹರಣ, ವಾಹನ ಕಳವು, ಹಲ್ಲೆ.

ಒಂದು ಇಪ್ಪತ್ತೈದಕ್ಕೆ ಮನೆಯಲ್ಲಿ ಪಂಚನಾಮೆ. ಪಂಚರಾಗಿ ಅಕ್ಕಪಕ್ಕದ ಇಬ್ಬರನ್ನು ನಿಲ್ಲಿಸಿಕೊಂಡರು. ಎರಡು ಕೋಣೆಯ ಅಚ್ಚುಕಟ್ಟಾದ ಮನೆ. ಸ್ನಾನದ ಮನೆ, ಅಡುಗೆಮನೆ, ಎಲ್ಲ ಬಾಗಿಲ ಮೇಲೂ ಶಿಕ್ಷಕಿಯ ದಪ್ಪ ಅಕ್ಷರದಲ್ಲಿ ಹೆಸರು ಬರೆದ ಚೀಟಿ ಅಂಟಿಸಿತ್ತು. ಹಿತ್ತಲ ಬಾಗಿಲನ್ನು ಯಾರೂ ಒಡೆದಿರಲಿಲ್ಲ, ಚಿಲಕವನ್ನು ಒಳಗಿನಿಂದಲೇ ತೆಗೆಯಲಾಗಿತ್ತು. ಆರು ತಿಂಗಳಿಂದ ಅಮ್ಮನಿಗೆ ಚಿಲಕ ತೆಗೆಯಲು ಬರುವುದಿಲ್ಲ ಎಂದಳು ಶಿಕ್ಷಕಿ. ಹಾಗಾದರೆ ಹೊರಗೆ ನಿಂತವರು ಯಾರೋ ಬೇಸರವಿಲ್ಲದೆ ಒಂದೊಂದಾಗಿ ಹೇಳಿಕೊಟ್ಟಿದ್ದಾರೆ ಎಂದಾಯಿತು. ಕಾಣೆಯಾದ ಸಾಮಾನು: ಮೊಳೆಗೆ ನೇತುಹಾಕಿದ್ದ ಕಾರಿನ ಕೀಲಿ, ಒಂದು ಸ್ವೆಟರ್, ಬೆನ್ನಿಗೆ ಕೊಡುವ ಚಿಕ್ಕ ದಿಂಬು. ಮಾತ್ರೆಯ ಡಬ್ಬಿಯಲ್ಲಿ ಇವತ್ತಿನ ಮಧ್ಯಾಹ್ನದ ಖಾನೆ ಖಾಲಿ, ರಾತ್ರಿಯದೂ ಖಾಲಿ. ನಾಳೆ ಬೆಳಗ್ಗೆಯದು ಇದ್ದ ಹಾಗೇ ಇತ್ತು.

ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ದಫೇದಾರರು ಡಬ್ಬಿಯನ್ನೇ ನೋಡುತ್ತಾ ನಿಂತರು. ಕಿಡ್ನ್ಯಾಪ್ ಮಾಡುವವರು ಊಟ ಆದಮೇಲಿನ ಮಾತ್ರೆಯನ್ನೂ ನೆನಪಿಟ್ಟು ಒಯ್ಯುತ್ತಾರೆಯೇ ಎಂಬುದು ಅವರ ಅನುಮಾನ. ನಾಳೆ ಬೆಳಗ್ಗೆಯೊಳಗೆ ವಾಪಸು ಬಿಡುವ ಅಂದಾಜಿದೆ ಇವರಿಗೆ ಎಂದು ಇನ್ಸ್‌ಪೆಕ್ಟರಿಗೂ ಅನಿಸಿತು. ಆದರೆ ಹೊಡೀತಾಳೆ ಎಂದು ಬರೆದು ಸಹಿ ಹಾಕಿದ ಕಾಗದ ಜೇಬಿನಲ್ಲಿತ್ತು.

ಒಂದು ಐವತ್ತಕ್ಕೆ ಮತ್ತೆ ಫೋನ್ ಬಂತು. ಬೇರೆ ನಂಬರು. ಸ್ಪೀಕರ್ ಹಾಕಿಸಿದರು. ಊಟ ಆಯಿತಾ, ನಿನಗೆ ಶಾಲೆ ಇಲ್ಲವಾ ಎಂದು ತಾಯಿ ಕೇಳಿದರು; ರಸ್ತೆ ಚೆನ್ನಾಗಿದೆ ಎಂದರು. ಎಲ್ಲಿದ್ದೀಯಮ್ಮ ಎಂದು ಮಗಳು ಅಳುತ್ತಾ ಕೇಳಿದ್ದಕ್ಕೆ, ಇಲ್ಲೇ ಇದೀನಲ್ಲ ಎಂದು ನಕ್ಕರು. ಮತ್ತೆ ಅದೇ ಗಡಸು ದನಿ, "ಮೂರು ನಿಮಿಷ ಆಯ್ತು." ಕಟ್.

ಫೋನಿನ ಪರದೆಯ ಮೇಲೆ ಮಾತಿನ ಅವಧಿ ಮೂಡಿತ್ತು. ಸರಿಯಾಗಿ ಮೂರು ನಿಮಿಷ. ಮೊದಲಿನ ಕರೆ ತೆಗೆದು ನೋಡಿದರೆ ಅದೂ ಮೂರೇ. ಒಂದು ಸೆಕೆಂಡ್ ಹೆಚ್ಚಿಲ್ಲ, ಒಂದು ಸೆಕೆಂಡ್ ಕಮ್ಮಿಯಿಲ್ಲ.

"ಗಡುವು ಕೊಡ್ತಿದ್ದಾರೆ ಸರ್," ಎಂದಳು ಶಿಕ್ಷಕಿ.

ದಫೇದಾರರು ತಲೆ ಆಡಿಸಿದರು. "ಇಲ್ಲಮ್ಮ. ಈ ದನಿ ನಂಗೊತ್ತು. ಮದುವೆ ಗೊತ್ತಾದಾಗ ನಮ್ಮೋಳ ಊರಿಗೆ ಟ್ರಂಕ್ ಕಾಲ್ ಮಾಡ್ತಿದ್ದೆ. ಎರಡೂವರೆ ನಿಮಿಷ ಹಲೋ ಕೇಳಿಸ್ತಾ ಅನ್ನೋದರಲ್ಲೇ ಹೋಗೋದು. ಇನ್ನೇನು ಮಾತು ಬಾಯಿಗೆ ಬಂತು ಅನ್ನೋವಾಗ ಆಪರೇಟರು ಇದೇ ಥರ, ಮೂರು ನಿಮಿಷ ಆಯ್ತು ಅನ್ನೋಳು. ಅವಳಿಗೆ ಹಾಕಿದ ಶಾಪ ಇನ್ನೂ ನೆನಪಿದೆ."

ಶಿಕ್ಷಕಿ ಬಿಟ್ಟ ಬಾಯಿ ಮುಚ್ಚದೆ ಅವರನ್ನೇ ನೋಡಿದಳು. ತಾಯಿ ಮೂವತ್ತು ವರ್ಷ ದುಡಿದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲೇ. ಬೀರುವಿನಿಂದ ಒಂದು ಫೋಟೊ ಬಂತು. ಹೆಡ್‌ಫೋನ್ ಹಾಕಿಕೊಂಡು ಸಾಲಾಗಿ ಕೂತ ಹುಡುಗಿಯರು, ಎದುರಿಗೆ ತಂತಿಗಳ ಕಾಡು. ಫೋಟೊದ ಹಿಂದೆ ಹೆಸರುಗಳಿರಲಿಲ್ಲ, ಬರೀ ಅಂಕಿಗಳು. ಡ್ಯೂಟಿಯಲ್ಲಿ ಹೆಸರು ಹಿಡಿದು ಕರೆಯುವ ಹಾಗಿರಲಿಲ್ಲವಂತೆ, ಕೂತ ಬೋರ್ಡಿನ ನಂಬರೇ ಹೆಸರು. ಅಮ್ಮ ನಾಲ್ಕು. ಅಮ್ಮನ ಹೆಗಲ ಮೇಲೆ ಕೈಹಾಕಿ ಹಲ್ಲು ಬಿಟ್ಟು ನಗುತ್ತಿದ್ದ ಉದ್ದ ಜಡೆಯವಳ ನಂಬರನ್ನು ಇನ್ಸ್‌ಪೆಕ್ಟರ್ ಗಟ್ಟಿಯಾಗಿ ಓದಿದರು.

"ಏಳು."

ಇನ್ಸ್‌ಪೆಕ್ಟರ್ ಜೇಬಿನಿಂದ ಎಫ್‌ಐಆರ್ ಪ್ರತಿ ತೆಗೆದು, ತಾವೇ ದುಂಡಗೆ ಹಾಕಿದ್ದ ಅಲ್ಪವಿರಾಮದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದರು. ಏಳು ಹೊಡೀತಾಳೆ.

"ಕಾರು ಹೊಡೀತಾಳೆ ಅಂತ ಸರ್," ಎಂದಳು ಬಾಗಿಲಲ್ಲಿ ನಿಂತಿದ್ದ ಮಹಿಳಾ ಪೇದೆ. ಠಾಣೆಯ ಜೀಪಿನ ಡ್ರೈವರ್ ಆಕೆಯೇ. "ನಾನು ಜೀಪ್ ಹೊಡೀತೀನಲ್ಲ, ಹಾಗೆ."

ಶಿಕ್ಷಕಿ ಮಂಚದ ಅಂಚಿನಲ್ಲಿ ಕುಸಿದು ಕೂತಳು. ಹೋದ ತಿಂಗಳು ಒಬ್ಬ ಹೆಂಗಸು ಫೋನ್ ಮಾಡಿದ್ದರು. ನಿಮ್ಮಮ್ಮನ ಆಫೀಸಿನವಳು, ಸರೋವರದ ಹತ್ತಿರ ನಮ್ಮ ಇನ್ನೊಬ್ಬ ಗೆಳತಿ ಇದ್ದಾಳೆ, ಒಂದು ದಿನ ಕರೆದುಕೊಂಡು ಹೋಗಿ ಬರಲಾ ಎಂದು ಕೇಳಿದ್ದರು. ಹೊಸ ಜಾಗ ಬೇಡ, ಗಾಬರಿಯಾಗುತ್ತಾರೆ ಎಂದು ಡಾಕ್ಟರ್ ಹೇಳಿದ್ದರಿಂದ ಈಕೆ ಬೇಡ ಎಂದಿದ್ದಳು. ಮೂರು ಸಲ ಕೇಳಿದರು, ಮೂರು ಸಲವೂ ಬೇಡ. ಕೊನೆಯ ಸಲ ಸ್ವಲ್ಪ ಒರಟಾಗಿಯೇ. ಹೆಸರು ಕೂಡ ಕೇಳಿರಲಿಲ್ಲ.

"ಅಮ್ಮ ನನ್ನನ್ನ ಎಬ್ಬಿಸ್ತಾ ಇರಲಿಲ್ಲ ಸರ್," ಎಂದಳು. "ಅವರನ್ನ ಕರೀತಾ ಇದ್ರು."

ಗೆಳತಿಯ ಜೊತೆ ಹೋಗಿದ್ದಾರೆ, ಸದ್ಯ ಎಂದು ಉಸಿರು ಬಿಡುವಷ್ಟರಲ್ಲಿ ಮೊದಲ ಫೋನಿನ ಒಡತಿ ಕರೆಗೆ ಸಿಕ್ಕಿದಳು. ಹೆದ್ದಾರಿಯ ಪೆಟ್ರೋಲ್ ಬಂಕಿನ ಕೆಲಸದವಳು. ಪಾಪ ವಯಸ್ಸಾದವರು ಎಂದು ಫೋನ್ ಕೊಟ್ಟಿದ್ದಳಂತೆ. ಕಾರು ಬಂಕಿನ ಕಂಬಕ್ಕೆ ಉಜ್ಜಿಕೊಂಡೇ ಒಳಗೆ ಬಂತು, ಹೊಡೆಯುತ್ತಿದ್ದ ಅಜ್ಜಿ ಇಳಿದು ಗೋಡೆ ತಡವಿಕೊಂಡು ನಡೆದರು, ಪಕ್ಕದ ಅಜ್ಜಿ ಮಾತ್ರ ಕತ್ತು ಚಾಚಿ 'ಎಡಕ್ಕೆ, ಇನ್ನೂ ಎಡಕ್ಕೆ' ಎಂದು ಹೇಳುತ್ತಲೇ ಇದ್ದರು ಎಂದಳು.

ಏಳು ಹೊಡೀತಾಳೆ, ನಾನು ನೋಡ್ತೀನಿ. ವಾಕ್ಯದ ಉಳಿದರ್ಧ ಈಗ ಇನ್ಸ್‌ಪೆಕ್ಟರಿಗೆ ಅರ್ಥವಾಯಿತು. ಕಣ್ಣು ಕಾಣದವಳ ಕೈಯಲ್ಲಿ ಸ್ಟಿಯರಿಂಗ್, ದಾರಿ ತೋರಿಸಲು ನೆನಪಿಲ್ಲದವಳು. ಎರಡನೆಯ ಫೋನ್ ಸರೋವರದ ರಸ್ತೆ ಕವಲೊಡೆಯುವಲ್ಲಿನ ಚಹದಂಗಡಿಯದು. ಬೀರುವಿನಲ್ಲೇ ಇದ್ದ ಹಳೆಯ ಶುಭಾಶಯ ಪತ್ರವೊಂದರ ಹಿಂದೆ ಸರೋವರದ ಏರಿಯ ಪಕ್ಕದ ಮನೆಯ ವಿಳಾಸವೂ, ಕೆಳಗೆ 'ನಿನ್ನ ಎರಡು' ಎಂಬ ಸಹಿಯೂ ಸಿಕ್ಕಿದವು. ಎರಡು ನಲವತ್ತಕ್ಕೆ ಜೀಪ್ ಹೊರಟಿತು. ಶಿಕ್ಷಕಿಯನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ.

ಮೊದಲ ಕರೆಗೂ ಎರಡನೆಯದಕ್ಕೂ ನಡುವೆ ನೂರು ನಿಮಿಷ. ಲೆಕ್ಕದ ಪ್ರಕಾರ ಮೂರೂವರೆಗೆ ಮತ್ತೆ ಬರಬೇಕು. ಮೂರೂವರೆ ಆಯಿತು, ಮೂರು ನಲವತ್ತೂ ಆಯಿತು. ಶಿಕ್ಷಕಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಪೇದೆ ಜೀಪನ್ನು ಇನ್ನಷ್ಟು ಜೋರಾಗಿ ಓಡಿಸಿದಳು.

ನಾಲ್ಕು ನಲವತ್ತೈದಕ್ಕೆ ಸರೋವರದ ತಿರುವಿನಲ್ಲಿ ಕಾರು ಕಂಡಿತು. ಏರಿಯಿಂದ ಕೆಳಗಿಳಿದು ಮುಂದಿನ ಎರಡು ಚಕ್ರ ನೀರಿನಲ್ಲಿದ್ದವು. ಒಳಗೆ ಯಾರೂ ಇಲ್ಲ. ಜೀಪ್ ನಿಲ್ಲುವ ಮೊದಲೇ ಶಿಕ್ಷಕಿ ಹಾರಿ ಇಳಿದು ಮೊಣಕಾಲುದ್ದ ನೀರಿಗೆ ಹೋಗಿ ಅಮ್ಮಾ ಎಂದು ಕೂಗಿದಳು. ಪೇದೆ ಹಿಂದೆಯೇ ಓಡಿ ತೋಳು ಹಿಡಿದುಕೊಂಡಳು. ಇನ್ಸ್‌ಪೆಕ್ಟರ್ ಕಾರನ್ನು ಒಂದು ಸುತ್ತು ಹಾಕಿದರು. ಹ್ಯಾಂಡ್‌ಬ್ರೇಕ್ ಎಳೆದಿದೆ, ನಾಲ್ಕೂ ಬಾಗಿಲು ಲಾಕ್ ಆಗಿವೆ, ದಿಂಬು ಇಲ್ಲ.

"ಅಮ್ಮ, ಇಲ್ಲಿ ಕೇಳಿ," ಎಂದರು ಮೆಲ್ಲಗೆ. "ನೀರಿಗೆ ಬಿದ್ದವರು ಕಾರಿಗೆ ಬೀಗ ಹಾಕ್ಕೊಂಡು ದಿಂಬು ಎತ್ಕೊಂಡು ಹೋಗಲ್ಲ."

ಕೆಸರಿನಲ್ಲಿ ಎರಡು ಜೊತೆ ಹೆಜ್ಜೆಗಳು ಒಂದಕ್ಕೊಂದು ಆತುಕೊಂಡೇ ಏರಿ ಹತ್ತಿದ್ದವು.

ಮೂರನೆಯ ಮನೆಯ ಜಗಲಿಯಲ್ಲಿ ಮೂವರು ಮುದುಕಿಯರು ಒಂದೇ ಬೆಂಚಿನ ಮೇಲೆ ಕೂತಿದ್ದರು. ಮನೆಯ ಒಡತಿಯೇ ಎರಡು. ಹೆಡ್‌ಫೋನ್ ಹಾಕಿ ಹಾಕಿ ಕಿವಿ ಪೂರಾ ಹೋಗಿ ಹತ್ತು ವರ್ಷ. ಪೊಲೀಸರನ್ನು ಕಂಡು, ಕೂತ್ಕೊಳ್ಳಿ ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದರು. ನಡುವೆ ನಾಲ್ಕು, ಕೆಸರಾದ ಕಾಲು ತೊಳೆಸಿಕೊಂಡು, ಬೆನ್ನಿಗೆ ದಿಂಬು ಕೊಟ್ಟುಕೊಂಡು. ಮಗಳನ್ನು ಕಂಡು ಮುಖ ಅರಳಿತು. ಪಕ್ಕದವಳ ಕೈ ಎತ್ತಿ ತೋರಿಸಿದರು.

"ನೋಡು, ಏಳು."

ಎದ್ದಿದೀನಮ್ಮ ಎಂಬ ಮಾತು ಶಿಕ್ಷಕಿಯ ಬಾಯಿಯವರೆಗೆ ಬಂದು ನಿಂತಿತು. ಅಲ್ಲೇ ನೆಲದ ಮೇಲೆ ಕೂತು ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು.

ಏಳು ಎದ್ದು ನಿಂತರು. ತೆಳ್ಳನೆಯ ಹೆಂಗಸು. ಜಡೆ ಈಗ ಬೆರಳು ದಪ್ಪಕ್ಕಿಳಿದಿತ್ತು. ಮುಖವನ್ನು ಸ್ವಲ್ಪ ಓರೆ ಮಾಡಿ ನೋಡುತ್ತಿದ್ದರು.

"ಕಾರು ತಂದಿದ್ದು ನೀವೇನಾ?"

"ನಾನೇ."

"ಯಾರನ್ನ ಕೇಳಿ?"

"ಮೂರು ಸಲ ಕೇಳಿದೆ. ನಾಲ್ಕನೇ ಸಲ ಕೇಳಲಿಲ್ಲ."

"ಕಣ್ಣಿಗೇನಾಗಿದೆ?"

"ನಡುವೆ ಮಸುಕು, ಅಂಚಲ್ಲಿ ಕಾಣುತ್ತೆ. ಮುಂದಿನ ತಿಂಗಳು ಲೈಸೆನ್ಸ್ ಮುಗಿಯುತ್ತೆ, ಇನ್ನು ಕೊಡಲ್ಲ."

"ಬಸ್ಸಲ್ಲಿ ಬರಬಹುದಿತ್ತಲ್ಲ?"

"ಜನ ಕಂಡ್ರೆ ಇವಳು ಹೆದರ್ತಾಳೆ. ಫೋನಲ್ಲಿ ಮಾತಾಡಿಸೋಣ ಅಂದ್ರೆ ಎರಡಕ್ಕೆ ಕೇಳಿಸಲ್ಲ. ಮೂವರೂ ಸೇರಿದ್ರೆ ಸರಿಯಾಗಿ ಒಬ್ಬ ಆಪರೇಟರ್ ಆಗ್ತೀವಿ."

ದಫೇದಾರರು ನಗು ತಡೆಯಲು ಸರೋವರದ ಕಡೆ ತಿರುಗಿದರು. ಇನ್ಸ್‌ಪೆಕ್ಟರ್ ನಗಲಿಲ್ಲ.

"ದಾರೀಲಿ ಯಾರಾದ್ರೂ ಅಡ್ಡ ಬಂದಿದ್ರೆ?"

ಏಳರ ತಲೆ ತಗ್ಗಿತು. ಆ ತಿರುವಿನಲ್ಲಿ ನೀರು ಕಂಡು ನಾಲ್ಕು ಖುಷಿಯಿಂದ ಚಪ್ಪಾಳೆ ತಟ್ಟಿದಳು, ಬಲಕ್ಕೆ ಅನ್ನುವುದು ಮರೆತಳು ಎಂದರು ನಿಧಾನವಾಗಿ. ಅವಳನ್ನು ಎಳೆದುಕೊಂಡು ಏರಿ ಹತ್ತುವಷ್ಟರಲ್ಲಿ ಹೊತ್ತು ಹೋಯಿತು, ಕಿವಿ ಕೇಳದ ಎರಡರ ಮನೆಯಲ್ಲಿ ಫೋನೂ ಇರಲಿಲ್ಲ. ಮೂರೂವರೆಯ ಫೋನ್ ತಪ್ಪಿದ್ದು ಅದಕ್ಕೇ. ಮಗಳು ಹೆದರಬಾರದೆಂದೇ ದಾರಿಯುದ್ದಕ್ಕೂ ಫೋನ್ ಬೇಡಿ ಮಾಡಿಸಿದ್ದು. ಇನ್ನೊಬ್ಬರ ಫೋನ್ ಅಲ್ಲವೇ, ಮೂರು ನಿಮಿಷ ಅನ್ನುವುದು ತಾನಾಗಿಯೇ ಬಾಯಿಗೆ ಬಂತು.

ಎಫ್‌ಐಆರ್ ಹರಿದು ಹಾಕುವ ಕಾಗದವಲ್ಲ, ಕಣ್ಣಿಲ್ಲದೆ ಕಾರು ಹೊಡೆದದ್ದು ಸಣ್ಣ ತಪ್ಪೂ ಅಲ್ಲ. ಇನ್ಸ್‌ಪೆಕ್ಟರ್ ಅದನ್ನು ಬಿಡಿಸಿ ಹೇಳಿದರು, ಏಳು ಒಪ್ಪಿ ಎರಡೂ ಕೈ ಮುಂದೆ ಚಾಚಿದರು. ಅದೆಲ್ಲ ಬೇಡಮ್ಮ ಎಂದು ಇನ್ಸ್‌ಪೆಕ್ಟರೇ ಆ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದರು. ಐದು ಐವತ್ತಕ್ಕೆ ದಸ್ತಗಿರಿ. ಬಂಧನದ ಪತ್ರದಲ್ಲಿ ಒಂದು ಸಾಲಿರುತ್ತದೆ: ವಿಷಯವನ್ನು ಯಾರಿಗೆ ತಿಳಿಸಬೇಕು?

"ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ." ಏಳು ಬೆಂಚಿನ ಕಡೆ ಮುಖ ಓರೆ ಮಾಡಿದರು. "ನಾಲ್ಕಕ್ಕೆ ತಿಳಿಸಿ. ಮರೀತಾಳೆ, ಪರವಾಗಿಲ್ಲ."

ಇನ್ಸ್‌ಪೆಕ್ಟರಿನ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ಶಿಕ್ಷಕಿ ಎದ್ದು ಬಂದು ಆ ಪೆನ್ನು ಕೇಳಿ ತೆಗೆದುಕೊಂಡಳು. ತಿಳಿಸಬೇಕಾದವರ ಜಾಗದಲ್ಲಿ ತನ್ನ ಹೆಸರು ಬರೆದು ಸಹಿ ಹಾಕಿದಳು. ಪಕ್ಕದಲ್ಲಿ, ಬಂಧಿತರು ಏನಾಗಬೇಕು ಎಂಬಲ್ಲಿ, ಶಾಲೆಯ ಅಚ್ಚುಕಟ್ಟು ಅಕ್ಷರದಲ್ಲಿ 'ಚಿಕ್ಕಮ್ಮ' ಎಂದು ಬರೆದಳು. ಠಾಣೆಯಲ್ಲಿ ಜಾಮೀನಿಗೂ ಆಕೆಯೇ ಸಹಿ ಹಾಕಿದಳು.

ಹನ್ನೊಂದು ದಿನದ ನಂತರ ಇನ್ಸ್‌ಪೆಕ್ಟರ್ ಅಂತಿಮ ವರದಿ ಬರೆಯಲು ಕೂತರು. ಹಲ್ಲೆಯ ಆರೋಪ ಬಿದ್ದುಹೋಯಿತು. ಅಪಹರಣವೂ ಕಳವೂ ಶಿಕ್ಷಕಿಯ ಮರುಹೇಳಿಕೆಯಿಂದ ನಿಲ್ಲಲಿಲ್ಲ. ಅಪಾಯಕರ ಚಾಲನೆ ಮಾತ್ರ ಉಳಿಯಿತು. ಏಳು ತಾವಾಗಿಯೇ ಲೈಸೆನ್ಸ್ ತಂದು ಮೇಜಿನ ಮೇಲಿಟ್ಟು ಹೋಗಿದ್ದರು. ಕೃತ್ಯಕ್ಕೆ ಪ್ರೇರಣೆ ಎಂಬಲ್ಲಿ ಇನ್ಸ್‌ಪೆಕ್ಟರ್ ಬರೆದದ್ದು ಒಂದೇ ವಾಕ್ಯ: 'ಗೆಳತಿಯ ನೆನಪೂ ತನ್ನ ಕಣ್ಣೂ ಪೂರ್ತಿ ಹೋಗುವ ಮೊದಲು ಮೂವರೂ ಒಮ್ಮೆ ಒಟ್ಟಿಗೆ ಕೂರಬೇಕೆಂಬ ಆಸೆ.' ಆಮೇಲೆ ದೂರಿನ ಮಾತನ್ನು ನಕಲು ಮಾಡುವಾಗ 'ಏಳು' ಆದಮೇಲೆ ಅಲ್ಪವಿರಾಮ ಹಾಕಲಿಲ್ಲ. ಮೊದಲಿನದು ತಮ್ಮದೇ ತಪ್ಪು ಎಂದು ಅಂಚಿನಲ್ಲಿ ಷರಾ ಬರೆದು ಸಹಿ ಮಾಡಿದರು.

ಮರುಹೇಳಿಕೆ ಕೊಡಲು ಬಂದ ದಿನ ಶಿಕ್ಷಕಿ ಜೋಡಿ ಚಪ್ಪಲಿ ಹಾಕಿಕೊಂಡಿದ್ದಳು. ಅಮ್ಮನಿಗೆ ಸರೋವರ ನೆನಪಿಲ್ಲ, ಕಾರು ನೆನಪಿಲ್ಲ ಎಂದಳು. ಬೆಳಿಗ್ಗೆ ಕಿಟಕಿ ಹತ್ತಿರ ಕೂತು ಏಳು, ಏಳು ಎನ್ನುವುದು ಮಾತ್ರ ಹಾಗೇ ಇದೆ.

"ನೀವೇನಂತೀರಿ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

"ಭಾನುವಾರ ಬರ್ತಾರಮ್ಮ ಅಂತೀನಿ ಸರ್. ಭಾನುವಾರ ನಾನೇ ಹೋಗಿ ಕರ್ಕೊಂಡು ಬರ್ತೀನಿ."