ವ್ಯಾಲಿ ರೋಡಿನ ಇಳಿಜಾರು

"ಫೇಲಾ? ನಾನಾ?" ಕೆಮುಂಟೊ ಬಸ್ಸಿನ ಸ್ಟೇರಿಂಗ್ ಬಿಡದೆಯೇ ಕೇಳಿದಳು.

"ಇವತ್ತಿಗೆ ಫೇಲ್," ಎಂದ ಪಕ್ಕದ ಸೀಟಿನ ಮುಟಿಸೊ, ಅವಳ ಮುಖ ನೋಡುವ ಧೈರ್ಯವಿಲ್ಲದೆ.

ನೈರೋಬಿಯ ಗಲ್ಲಿಗಲ್ಲಿಗಳಲ್ಲಿ ಡೀಸೆಲ್ ಮಟಾಟು ವ್ಯಾನ್ ಓಡಿಸಿ ಗಂಡಸರಿಂದಲೇ ಸೈ ಎನಿಸಿಕೊಂಡವಳು ಅವಳು. ಆ ಕೆಲಸ ಬಿಟ್ಟು, ಹೊಸ ಎಲೆಕ್ಟ್ರಿಕ್ ಬಸ್ ಕಂಪನಿಗೆ ಸೇರಿದ್ದಳು. ಅಲ್ಲಿ ಅವಳಿಗೆ ತರಬೇತಿ ಕೊಡುವವನೂ ಪರೀಕ್ಷೆ ಮಾಡುವವನೂ ಮುಟಿಸೊನೇ. ಇನ್ನೊಂದು ಸಲ ಫೇಲಾದರೆ ಮನೆಗೆ ಹೋಗುವುದೇ. ಹಳೆಯ ಮಟಾಟು ಸ್ಟ್ಯಾಂಡಿನವರು ನಗುವುದನ್ನು ನೆನೆದೇ ಅವಳ ಕಿವಿ ಬಿಸಿಯಾಯಿತು.

"ಮೊನ್ನೆ ನಿಮ್ಮ ಟೋಪಿ ನೋಡಿ ನಕ್ಕೆನಲ್ಲ, ಅದರ ಸೇಡಾ ಮೇಷ್ಟ್ರೇ?"

"ಅಯ್ಯೋ, ಇಲ್ಲ! ನೀವು ಬ್ರೇಕ್ ತುಳಿಯೋದು ಚೇಳು ಕಂಡವರ ಥರ. ಹಿಂದೆ ಯಾರಾದ್ರೂ ಅಜ್ಜಿ ನಿಂತಿದ್ರೆ ಇಷ್ಟೊತ್ತಿಗೆ ನಿಮ್ಮ ಮಡಿಲಲ್ಲಿರ್ತಿದ್ರು. ಹಾಗೇನಾದ್ರೂ ಆದ್ರೆ ಊರೆಲ್ಲ ಡೀಸೆಲ್ಲೇ ವಾಸಿ ಅನ್ನುತ್ತೆ. ಈ ಬಸ್ಸುಗಳು ಷೆಡ್ಡಲ್ಲೇ ಧೂಳು ತಿನ್ತವೆ."

ಅವಳಿಗೆ ನಗು ಬಂತು. ಸಿಟ್ಟು ಇಳಿಯಬಾರದೆಂದು ತುಟಿ ಕಚ್ಚಿಕೊಂಡಳು.

ಮರುದಿನದಿಂದ ಕೆಲಸ ಮುಗಿದ ಮೇಲೆ ಅವನು ಅವಳನ್ನು ವ್ಯಾಲಿ ರೋಡಿನ ಇಳಿಜಾರಿಗೆ ಕರೆದೊಯ್ಯತೊಡಗಿದ.

"ಆಕ್ಸಿಲರೇಟರ್ ಮೇಲಿಂದ ಕಾಲು ಮೆಲ್ಲಗೆ ಎತ್ತಿ. ಬ್ರೇಕ್ ಬೇಡ. ಬಸ್ಸು ತಾನೇ ನಿಧಾನ ಆಗುತ್ತೆ, ಬ್ಯಾಟರಿಗೂ ಚಾರ್ಜ್ ಬರುತ್ತೆ. ಸ್ವಲ್ಪ ನಂಬಿ."

"ಯಾರನ್ನ? ಬಸ್ಸನ್ನಾ, ನಿಮ್ಮನ್ನಾ?"

"ಸದ್ಯಕ್ಕೆ ಬಸ್ಸನ್ನ."

ಅವಳು ಕಾಲೆತ್ತಿದಳು. ಎಂಜಿನ್ನಿನ ಗದ್ದಲವಿಲ್ಲದ ಆ ಬಸ್ಸಿನಲ್ಲಿ ಜಕರಂಡ ಮರದ ಹಕ್ಕಿ ಕೂಗಿದ್ದು ಕೇಳಿತು, ಅವನು ಬಿಗಿಹಿಡಿದಿದ್ದ ಉಸಿರು ಬಿಟ್ಟದ್ದೂ ಕೇಳಿತು. ಕನ್ನಡಿಯಲ್ಲಿ ನೋಡಿದರೆ ಅವನ ಕಣ್ಣು ರಸ್ತೆಯ ಮೇಲಿರಲಿಲ್ಲ. ಸಿಕ್ಕಿಬಿದ್ದವನು ಸೀಟ್ ಬೆಲ್ಟ್ ಸರಿಮಾಡಿಕೊಂಡ. ಅದು ಸರಿಯಾಗಿಯೇ ಇತ್ತು.

ಎರಡನೇ ಪರೀಕ್ಷೆಯ ದಿನ ಪಕ್ಕದ ಸೀಟಿನಲ್ಲಿ ಮುಟಿಸೊ ಇರಲಿಲ್ಲ. ನರೆತ ಗಡ್ಡದ ಹಿರಿಯ ಪರೀಕ್ಷಕ ಓಗೊಲ್ಲ ಕೂತಿದ್ದ. ಮುಟಿಸೊ ತನ್ನನ್ನು ಕೈಬಿಟ್ಟುಬಿಟ್ಟನೇ?

ಆ ನೋವಿನಲ್ಲೇ ಬಸ್ಸು ಹೊರಡಿಸಿದಳು. ಇಳಿಜಾರಿನಲ್ಲಿ ಮಟಾಟು ಒಂದು ಸರ್ರನೆ ಅಡ್ಡ ನುಗ್ಗಿತು. ಮುಂದೆ ಸಾಕಷ್ಟು ಜಾಗ ಬಿಟ್ಟುಕೊಂಡಿದ್ದ ಅವಳು ಗಾಬರಿಯಾಗದೆ ಕಾಲೆತ್ತಿದಳು. ಓಗೊಲ್ಲನ ಕೈಯಲ್ಲಿದ್ದ ಚಹಾ ತುಳುಕಲೂ ಇಲ್ಲ.

"ಪಾಸು," ಎಂದ ಓಗೊಲ್ಲ. "ಯಾಕಮ್ಮ ಮುಖ ಸಪ್ಪಗೆ? ಮುಟಿಸೊ ಬರ್ಲಿಲ್ಲ ಅಂತಾನಾ? ಅವನೇ ಆಫೀಸಿಗೆ ಬಂದು, 'ಈ ಹುಡುಗಿಗೆ ನಾನು ಪರೀಕ್ಷೆ ಮಾಡೋ ಹಾಗಿಲ್ಲ, ಅವಳು ಗೋಡೆಗೆ ಗುದ್ದಿದ್ರೂ ಪಾಸ್ ಮಾಡಿಬಿಡ್ತೀನಿ' ಅಂದ. ಎಲ್ಲರ ಮುಂದೆ! ಇನ್ನೂ ನಗ್ತಾ ಇದ್ದಾರೆ."

ಡಿಪೋ ಗೇಟಿನಲ್ಲಿ ಮುಟಿಸೊ ಎರಡು ಸುಟ್ಟ ಜೋಳದ ತೆನೆ ಹಿಡಿದು ನಿಂತಿದ್ದ, ನಿಂಬೆಹುಳಿ ಖಾರ ಹಚ್ಚಿಸಿಕೊಂಡು.

"ಏನಾಯ್ತು?"

ಅವಳು ಒಂದು ತೆನೆ ಕಸಿದು ಕಚ್ಚಿದಳು. "ಆಫೀಸಿಗೆಲ್ಲ ಹೇಳಿದ್ರಂತೆ. ನನಗೆ ಹೇಳೋದು ಯಾವಾಗ?"

"ಫೇಲ್ ಮಾಡೋ ಅಧಿಕಾರ ನನ್ನ ಕೈಲಿರುವಾಗ ಕೇಳಿದ್ರೆ, ನೀವು ಹೂಂ ಅಂದ್ರೂ ನಂಗೆ ನೆಮ್ಮದಿ ಇರ್ತಿರ್ಲಿಲ್ಲ."

"ಈಗ ಪಾಸಾಗಿದೀನಿ."

ಊರಿಗೆಲ್ಲ ಪಾಠ ಹೇಳುವವನು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. "ಕೆಮುಂಟೊ, ನಾನು ನಿನ್ನ..." ಬಾಯಿ ತಪ್ಪಿತ್ತು. ಗಾಬರಿಯಾಗಿ, "ಅಂದ್ರೆ, ನಿಮ್ಮನ್ನ..." ಎಂದ.

"ತಿದ್ದಬೇಡ. ಪೂರ್ತಿ ಹೇಳು."

ಅವನು ಪೂರ್ತಿ ಹೇಳಿದ. ಅವಳ ಕಣ್ಣು ತುಂಬಿದ್ದು ಕಂಡು ಮತ್ತೆ ಗಾಬರಿಯಾದ. "ಖಾರ ಜಾಸ್ತಿಯಾಯ್ತಾ?"

"ಇಲ್ಲ ಕಣೋ," ಎಂದು ಕೆಮುಂಟೊ ಅವನ ಕೈ ಹಿಡಿದಳು.