ಬೆಚ್ಚಗಿನ ನೀಲಿ ಕುರ್ಚಿ

ದೇವರ ಮೇಲೆ ಭಾರ ಹಾಕಿ ನಡೆದದ್ದನ್ನಷ್ಟೇ ಹೇಳುತ್ತೇನೆ. ತೊಂಬತ್ತೆಂಟರಲ್ಲಿ ನಾವು ಲಂಡನ್ನಿನ ಕೊಲಿಂಡೇಲಿನ ಫ್ಲಾಟಿನಲ್ಲಿದ್ದೆವು. ಮಗಳು ಶೈನಿಗಾಗಿ ನಾನು ಕೆಲಸ ಬಿಟ್ಟು ಮನೆಯಲ್ಲಿದ್ದೆ. ಯಾರೋ ಬೀದಿಯಲ್ಲಿ ಬಿಟ್ಟುಹೋದ ಮರದ ಕುರ್ಚಿಯೊಂದನ್ನು ತಂದು, ಸ್ಯಾಂಡ್‌ಪೇಪರಿನಿಂದ ಉಜ್ಜಿ, ನೀಲಿ ಬಣ್ಣ ಬಳಿದೆ. ಬಣ್ಣ ಒಣಗಿದ ಮೇಲೂ ಕೂರುವ ಹಲಗೆ ಮಾತ್ರ, ಆಗಷ್ಟೇ ಯಾರೋ ಎದ್ದುಹೋದ ಹಾಗೆ, ಬೆಚ್ಚಗಿರುತ್ತಿತ್ತು.

ಶೈನಿ ಇಗರ್ಜಿಯಲ್ಲಿ ಪ್ರಥಮ ಪರಮಪ್ರಸಾದ ಸ್ವೀಕರಿಸುವ ಹಿಂದಿನ ದಿನ ಹೀಟರ್ ಕೆಟ್ಟಿತು. ಮೇ ತಿಂಗಳಾದರೂ ಚಳಿ. ನೆಂಟರಿಗೆಲ್ಲ ಇಡ್ಲಿಯಂಥ ನಮ್ಮ ಸನ್ನ ಮಾಡುತ್ತೇನೆಂದು ಹೇಳಿಯಾಗಿತ್ತು; ಹಿಟ್ಟು ಉಬ್ಬುವುದಾದರೂ ಹೇಗೆ? ಪಾತ್ರೆಯನ್ನು ಆ ಕುರ್ಚಿಯ ಮೇಲಿಟ್ಟು, ಬಾಗಿಲಿಗೆ ಬೀಗ ಹಾಕಿ, ಗಂಡ, ಮಗಳು, ನಾನು ಮೂವರೂ ಮರುದಿನದ ಪೂಜೆಯ ತಾಲೀಮಿಗೆ ಇಗರ್ಜಿಗೆ ಹೋದೆವು. ಹಿಟ್ಟಿನ ಮೇಲೆ ಬೆರಳಿನಿಂದ ಶಿಲುಬೆ ಎಳೆಯುವುದು ನಮ್ಮೂರ ಪದ್ಧತಿ. ಅವಸರದಲ್ಲಿ ಅದು ಮರೆತೇಹೋಗಿತ್ತು.

ಬಂದು ನೋಡಿದರೆ ಹಿಟ್ಟು ಪಾತ್ರೆಯ ಕಂಠದವರೆಗೆ ಉಬ್ಬಿತ್ತು. ಮೇಲೆ ಶಿಲುಬೆಯಿತ್ತು. ಮೊದಲೇ ಎಳೆದದ್ದಾದರೆ ಉಬ್ಬುವಾಗ ಅಳಿಸಿಹೋಗುತ್ತದೆ. ಇದು ಈಗಷ್ಟೇ ಎಳೆದಂತಿತ್ತು.

"ನಾಟ್ ಮೀ, ಮಮ್ಮಾ," ಎಂದಳು ಶೈನಿ.

ನನ್ನ ಗಂಡ ಫ್ಲೇವಿಯನ್ ನಕ್ಕರು. "ಬಂದವರು ನಮ್ಮವರೇ ಮಾರಾಯ್ತಿ. ನಾಳೆ ಅವರಿಗೂ ಎರಡು ಸನ್ನ ತೆಗೆದಿಡು."

ಮರುದಿನ ಸನ್ನ ಹತ್ತಿಯಷ್ಟು ಮೆತ್ತಗೆ ಬಂತು. ಮನೆ ತುಂಬ ಜನ, ನಗು, ಗದ್ದಲ. ಜಾಗ ಸಾಲದೆ ಹಿರಿಯರೂ ತಟ್ಟೆ ಹಿಡಿದು ನಿಂತೇ ತಿಂದರು. ಅವರ ನಡುವೆ ನೀಲಿ ಕುರ್ಚಿ ಖಾಲಿಯಿತ್ತು. ಅದರಲ್ಲಿ ಕೂರಬೇಡಿ ಎಂದು ನಾವು ಯಾರಿಗೂ ಹೇಳಿರಲಿಲ್ಲ.