ಒದ್ದೆ ಬಟ್ಟೆಯ ಕೆಳಗೆ

ಬಟ್ಟೆ ಸರಿಸಿದ ಮ್ಯೂಸಿಯಂ ನಿರ್ದೇಶಕರು ಪೊಲೀಸರಿಗೆ ಫೋನ್ ಮಾಡಿದರು. ಹಸಿಮಣ್ಣಿನ ಮುಖದಲ್ಲಿ ಮೂಗಿಲ್ಲ, ಬಾಯಿಲ್ಲ. ಯಾರೋ ಅಂಗೈಯಿಂದ ಒತ್ತಿ ಅಪ್ಪಚ್ಚಿ ಮಾಡಿದ್ದರು.

ಊರೆಲ್ಲ ‘ಮೇಷ್ಟ್ರು’ ಎನ್ನುವ ಹಿರಿಯ ಶಿಲ್ಪಿಯ ಜೀವಮಾನದ ಕೆಲಸ ಆ ಸಭಾಂಗಣದಲ್ಲಿ ಸಾಲಾಗಿ ನಿಂತಿತ್ತು. ತೀರಿಕೊಂಡ ಹೆಂಡತಿಯ ಈ ಮುಖವನ್ನು ಅವರು ಇಂದು ಜನರೆದುರೇ ಮುಗಿಸಬೇಕಿತ್ತು. ಇನ್ನೇನು ಬಾಗಿಲು ತೆರೆಯುವ ಹೊತ್ತು.

“ಕಲ್ಲಣ್ಣಂದೇ ಕೆಲಸ,” ಎಂದು ನಿರ್ದೇಶಕರು ಧಾವಿಸಿ ಬಂದ ಇನ್ಸ್‌ಪೆಕ್ಟರಮ್ಮನಿಗೆ ಹೇಳಿದರು. “ಕೈ ನಡುಗೋ ಮುದುಕನಿಗೆ ಯಾಕಿಷ್ಟು ಮೆರವಣಿಗೆ ಅಂತ ನಿನ್ನೆ ಇಲ್ಲೇ ಕೂಗಾಡಿದ. ಎಳ್ಕೊಂಡ್ಹೋಗಿ ಮೇಡಂ, ಹೊರಗೆ ಟಿವಿಯವರು ಕಾಯ್ತಿದ್ದಾರೆ.”

ಕಲ್ಲು ಕೆತ್ತುವ ಕಲ್ಲಣ್ಣ ಮೂಲೆಯಲ್ಲಿ ಬೆವರುತ್ತಿದ್ದ. “ನನ್ನ ಬಾಯಿ ಹೊಲಸು, ಒಪ್ತೀನಿ. ಕೈ ಅಲ್ಲ.”

ಇನ್ಸ್‌ಪೆಕ್ಟರಮ್ಮನಿಗೆ ಅವಸರ ಬೇಕಿರಲಿಲ್ಲ. ಕ್ಯಾಮೆರಾ ಮುಂದೆ ಒಮ್ಮೆ ನಡೆಸಿದರೆ ಇವನ ಹೆಸರು ಮಣ್ಣುಪಾಲು. ಆಮೇಲೆ ತಪ್ಪಿಲ್ಲ ಎಂದರೆ ಕೇಳುವವರಾರು? ಅವಳು ಬಟ್ಟೆ ಮುಟ್ಟಿ ನೋಡಿದಳು. ತೊಟ್ಟಿಕ್ಕುವಷ್ಟು ಒದ್ದೆ.

“ಇದನ್ನ ಹೊದಿಸಿದ್ದು ಯಾವಾಗ?”

“ಮೇಷ್ಟ್ರೇ ಹೊದಿಸಿದ್ರು, ನಿನ್ನೆ ಮಧ್ಯಾಹ್ನ,” ಎಂದರು ನಿರ್ದೇಶಕರು. “ ಮಣ್ಣು ಒಣಗಬಾರದಲ್ಲ.”

ಮಧ್ಯಾಹ್ನದ ನೀರು ಇಷ್ಟು ಹೊತ್ತು ನಿಲ್ಲುವುದುಂಟೇ?

* * *

“ಕೊನೆಗೆ ಹೋಗಿದ್ದು ಕಲ್ಲಣ್ಣ,” ಎಂದ ಕಾವಲುಗಾರ. “ಆಮೇಲೆ ಯಾರೂ ಬಂದಿಲ್ಲ.”

“ನೆನಪು ಮಾಡ್ಕೊಳ್ಳಿ.”

“ಮೇಷ್ಟ್ರು ಕನ್ನಡಕ ಮರೆತಿದ್ರು ಅಂತ ರಾತ್ರಿ ಅವರ ಮಗಳು ಬಂದ್ರು. ಮನೆಯವರನ್ನೂ ಲೆಕ್ಕ ಇಡ್ಬೇಕಾ ಮೇಡಂ?”

ಮಗಳು ಮುಂದಿನ ಸಾಲಿನ ಕುರ್ಚಿಗಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು.

* * *

“ಹಾಳು ಮಾಡೋಕೆ ಬಂದವರು ನೀರು ಚಿಮುಕಿಸಿ ಹೋಗಲ್ಲ,” ಎಂದಳು ಇನ್ಸ್‌ಪೆಕ್ಟರಮ್ಮ. “ಬಟ್ಟೆಯನ್ನ ಮತ್ತೆ ನೆನೆಸಿ, ಅಂಚು ಮಡಿಸಿ, ನೀಟಾಗಿ ಹೊದಿಸಿದ್ದಾರೆ. ಕಲ್ಲಣ್ಣನ ಕಲ್ಲಿಗೆ ಆ ಉಪಚಾರ ಬೇಕಿಲ್ಲ. ಕಾವಲುಗಾರರಿಗೆ ಅದರ ಗೊಡವೆಯೇ ಇಲ್ಲ. ಚಿಕ್ಕಂದಿನಿಂದ ಅಪ್ಪನ ಮಣ್ಣಿಗೆ ಬಟ್ಟೆ ಹೊದಿಸ್ತಿದ್ದವರು ಯಾರು?”

ಮಗಳ ಕೈಯಿಂದ ಒರೆಸುವ ಬಟ್ಟೆ ಜಾರಿತು. “ನಾನೇ. ನಿನ್ನೆ ಕೈ ತಾನಾಗೇ ಮಾಡ್ಬಿಡ್ತು.”

“ಯಾಕಮ್ಮ ಕೆಡಿಸಿದ್ರಿ?”

“ಅದು ಅಮ್ಮನ ಮುಖ ಆಗಿರ್ಲಿಲ್ಲ. ಯಾರೋ ಬೇರೆ ಹೆಂಗಸು. ಅಪ್ಪನಿಗೆ ಗೊತ್ತೇ ಆಗ್ತಿಲ್ಲ. ಇಷ್ಟು ಜನ ಅವರನ್ನ ನೋಡಿ ಅಯ್ಯೋ ಪಾಪ ಅಂದ್ರೆ ನಾನು ಹೇಗೆ ಸಹಿಸ್ಲಿ?”

“ಅದಕ್ಕೆ ಕಲ್ಲಣ್ಣನ್ನ ಬಲಿ ಕೊಡ್ತಿದ್ರಾ?”

“ಬಾಯಿ ಬಿಡೋಕೆ ಧೈರ್ಯ ಸಾಲ್ಲಿಲ್ಲ.” ಅವಳು ಬಿಕ್ಕಿದಳು.

“ನಂಗೂ ಸಾಲ್ಲಿಲ್ಲ ಮಗಳೇ.”

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಮೇಷ್ಟ್ರು ಕೋಲೂರಿ ನಿಂತಿದ್ದರು. ನಿಧಾನವಾಗಿ ಬಂದು ಮಣ್ಣಿಗೆ ಹೆಬ್ಬೆರಳು ಒತ್ತಿದರು. ಮೆತ್ತಗಿತ್ತು.

“ನಿಮ್ಮಮ್ಮನ ಬಾಯಿ ನಂಗೆ ಸಿಗ್ತಾನೇ ಇಲ್ಲ. ಗೊತ್ತು. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಮೊದಲು ಕಲ್ಲಣ್ಣನ ಹತ್ರ ತಪ್ಪಾಯ್ತು ಅನ್ನು.”

ಅವಳು ಕೈ ಮುಗಿದಳು. ಕಲ್ಲಣ್ಣ ಏನೋ ಗೊಣಗಿ ಮುಖ ತಿರುಗಿಸಿದ.

“ದೂರು ಕೊಡ್ತೀರಾ ಮೇಷ್ಟ್ರೇ?” ಎಂದಳು ಇನ್ಸ್‌ಪೆಕ್ಟರಮ್ಮ.

“ಯಾರ ಮೇಲೆ? ಬಾಗಿಲು ತೆಗೀರಿ. ಮಗಳು ಕೆಡಿಸಿದ್ಲು, ಕಲ್ಲಣ್ಣಂದೇನೂ ತಪ್ಪಿಲ್ಲ ಅಂತ ಟಿವಿಯವರಿಗೆ ನಾನೇ ಹೇಳ್ತೀನಿ.”

ಮಗಳನ್ನು ಎದುರಿನ ಸ್ಟೂಲಿನ ಮೇಲೆ ಕೂರಿಸಿದರು. ನಡುಗುವ ಬೆರಳಿಂದ ಅವಳ ತುಟಿಯ ಅಂಚನ್ನು ಮುಟ್ಟಿದರು. ತಡವಿದರು. ಮತ್ತೆ ತಡವಿದರು.

“ಅವಳ ಬಾಯಿ ಇಲ್ಲೇ ಇತ್ತಲ್ಲೇ,” ಎಂದರು. “ಅಳಬೇಡ, ಬಾಯಿ ಸೊಟ್ಟಗಾಗತ್ತೆ.”

ಬಾಗಿಲು ತೆರೆಯಿತು. ಜನ ಒಳಗೆ ಬಂದರು. ಯಾರೂ ಕೇಳದಿದ್ದರೂ ಕಲ್ಲಣ್ಣ ಬಕೆಟ್ಟಿನಲ್ಲಿ ನೀರು ತಂದು ಮೇಷ್ಟ್ರ ಪಕ್ಕದಲ್ಲಿಟ್ಟ.